ಮೀಟಿಂಗ್ ಮುಗೀತು, ವಿಷಯ ಅಲ್ಲೇ ಉಳೀತು

ಆಂಡಿ ಗ್ರೋವ್ ತಮ್ಮ ಪುಸ್ತಕದಲ್ಲಿ ಒಂದು ಸಣ್ಣ ಲೆಕ್ಕ ಕೊಡ್ತಾರೆ. ಒಬ್ಬ ಮ್ಯಾನೇಜರ್‌ನ ಒಂದು ಗಂಟೆಗೆ ಕಂಪನಿಗೆ ಬೀಳುವ ಖರ್ಚು, ಎಲ್ಲ ಸೇರಿ, ಸುಮಾರು 100 ಡಾಲರ್. ಹತ್ತು ಮ್ಯಾನೇಜರ್‌ಗಳು ಎರಡು ಗಂಟೆ ಕೂತರೆ 2000 ಡಾಲರ್. ಅಷ್ಟು ದುಡ್ಡಿಗೆ ಒಂದು ಕಾಪಿ ಮಷೀನ್ ಕೊಳ್ಳಬೇಕು ಅಂದ್ರೆ ಮೊದಲೇ ಮೇಲಿನವರ ಒಪ್ಪಿಗೆ ಬೇಕು. ಆದರೆ ಅದೇ 2000 ಡಾಲರ್ ನುಂಗುವ ಮೀಟಿಂಗನ್ನು ಒಬ್ಬ ಮ್ಯಾನೇಜರ್ ಯಾರನ್ನೂ ಕೇಳದೆ ಕರೀಬಹುದು.

ಇದನ್ನು ಓದಿದ ಮಾರನೇ ದಿನ ನನ್ನ ಕ್ಯಾಲೆಂಡರ್ ತೆಗೆದು ಎಣಿಸಿದೆ. ವಾರಕ್ಕೆ 27 ಮೀಟಿಂಗ್. ಅದರಲ್ಲಿ ನಾನು ಬಾಯಿ ಬಿಟ್ಟಿದ್ದು 11ರಲ್ಲಿ. ಉಳಿದ 16ರಲ್ಲಿ ಮ್ಯೂಟ್ ಮಾಡ್ಕೊಂಡು ಕೋಡ್ ಬರೀತಿದ್ದೆ, ಇಲ್ಲಾಂದ್ರೆ ಅನ್ನಕ್ಕೆ ಕುಕ್ಕರ್ ಇಡ್ತಿದ್ದೆ. ಯಾರಾದ್ರೂ ನನ್ನ ಹೆಸರು ಕರೆದ್ರೆ ಇರಲಿ ಅಂತ ಒಂದು ಕಿವಿ ಮಾತ್ರ ಅಲ್ಲಿ. ಈ ಸಾಲು ಓದಿ ನೀವು ನಗ್ತಿದ್ರೆ ನಿಮ್ಮ ಕ್ಯಾಲೆಂಡರೂ ಹೀಗೇ ಇರುತ್ತೆ.

ಪುಸ್ತಕದ ಹೆಸರು 'ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್'. ಬಂದಿದ್ದು 1983ರಲ್ಲಿ. ಗ್ರೋವ್ ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ, ನಿರಾಶ್ರಿತನಾಗಿ ಅಮೆರಿಕಕ್ಕೆ ಹೋದವರು. ಇಂಟೆಲ್ ಶುರುವಾದ 1968ರಿಂದಲೇ ಅಲ್ಲಿದ್ದು ಆಮೇಲೆ ಅದನ್ನೇ ನಡೆಸಿದವರು. ನಮ್ಮ ಐಟಿ ಜಗತ್ತಿನಲ್ಲಿ ಮ್ಯಾನೇಜರ್ ಆಗುವವರ ಕೈಗೆ ಯಾರಾದ್ರೂ ಹಿರಿಯರು ಇಡುವ ಪುಸ್ತಕ ಇದು. ನನಗೂ ಟೀಮ್ ಲೀಡ್ ಆದಾಗ ಒಬ್ಬರು ಕೊಟ್ಟರು. ಎರಡು ಸಲ ಓದಿದ್ದೀನಿ. ಮೊದಲ ಸಲ ಭಕ್ತಿಯಿಂದ, ಎರಡನೇ ಸಲ ಜಗಳ ಆಡ್ತಾ. ಆ ಜಗಳದ ಬಗ್ಗೆ ಈ ಬರಹ.

ಮೊದಲು ಭಕ್ತಿಯ ಭಾಗ. ಯಾಕಂದ್ರೆ ಅದಕ್ಕೆ ಅರ್ಹತೆ ಇರುವ ಪುಸ್ತಕ ಇದು.

ಮೀಟಿಂಗ್ ಬಗ್ಗೆ ಬರೆಯುವ ಬಹಳ ಜನ ಮೀಟಿಂಗನ್ನೇ ಬೈಯ್ಯೋದು. ಗ್ರೋವ್ ಹಾಗೆ ಮಾಡೋದಿಲ್ಲ. ಮಾಹಿತಿ ಕೊಡೋದು, ತಗೊಳ್ಳೋದು, ತೀರ್ಮಾನಕ್ಕೆ ತಳ್ಳೋದು, ಇವೇ ಮ್ಯಾನೇಜರ್ ಕೆಲಸ ಆದ ಮೇಲೆ ಮೀಟಿಂಗ್ ಅನ್ನೋದು ಆ ಕೆಲಸ ನಡೆಯುವ ಜಾಗ ಅಂತಾರೆ. ಗದ್ದೆಗೆ ಹೋಗದೆ ಬೇಸಾಯ ಮಾಡ್ತೀನಿ ಅನ್ನೋಕಾಗಲ್ಲ, ಹಾಗೆ. ಆಮೇಲೆ ಮೀಟಿಂಗನ್ನು ಎರಡು ಜಾತಿ ಮಾಡ್ತಾರೆ. ಒಂದು, ನಿಗದಿತ ಸಮಯಕ್ಕೆ ಪದೇ ಪದೇ ನಡೆಯುವಂಥದ್ದು: ಒಬ್ಬರ ಜೊತೆ ಒಬ್ಬರು ಕೂರುವ ಒನ್ ಆನ್ ಒನ್, ಟೀಮ್ ಮೀಟಿಂಗ್, ಕೆಲಸದ ಪರಿಶೀಲನೆ. ಇನ್ನೊಂದು, ಯಾವುದೋ ಒಂದು ನಿರ್ದಿಷ್ಟ ಸಮಸ್ಯೆ ಬಗೆಹರಿಸೋಕೆ ತುರ್ತಾಗಿ ಕರೆಯುವಂಥದ್ದು. ಮೊದಲನೇದು ಸರಿಯಾಗಿ ನಡೀತಿದ್ರೆ ಎರಡನೇದರ ಅಗತ್ಯ ಕಡಿಮೆಯಾಗುತ್ತೆ. ಸಮಯದ ಕಾಲು ಭಾಗಕ್ಕಿಂತ ಹೆಚ್ಚು ತುರ್ತು ಮೀಟಿಂಗ್‌ಗಳಲ್ಲೇ ಹೋಗ್ತಿದ್ರೆ ಸಂಸ್ಥೆಯಲ್ಲೇ ಏನೋ ಕೆಟ್ಟಿದೆ ಅಂತ ತಿಳ್ಕೋಬೇಕು.

ತೀರ್ಮಾನ ಮಾಡುವ ಮೀಟಿಂಗ್‌ನಲ್ಲಿ ಆರೋ ಏಳೋ ಜನ ಸಾಕು, ಎಂಟು ಮೀರಬಾರದು ಅಂತಾರೆ. ತೀರ್ಮಾನ ಮಾಡೋದು ಪ್ರೇಕ್ಷಕರು ಕೂತು ನೋಡುವ ಆಟ ಅಲ್ಲ ಅನ್ನೋದು ಅವರ ವಾದ. ಕರೆದವರು ಅಜೆಂಡಾ ಕಳಿಸಬೇಕು, ಮುಗಿದ ಮೇಲೆ ಬೇಗ ಟಿಪ್ಪಣಿ ಕಳಿಸಬೇಕು, ಯಾರು ಏನನ್ನ ಯಾವಾಗ ಮಾಡ್ತಾರೆ ಅಂತ ಅದರಲ್ಲಿ ಇರಬೇಕು. ಒನ್ ಆನ್ ಒನ್ ಅನ್ನೋದು ಕೆಳಗಿನವರ ಮೀಟಿಂಗ್, ಏನು ಮಾತಾಡಬೇಕು ಅನ್ನೋದನ್ನ ಅವರೇ ನಿರ್ಧರಿಸಬೇಕು. ಈ ಕೊನೇ ಮಾತೊಂದಕ್ಕೇ ಪುಸ್ತಕದ ದುಡ್ಡು ವಸೂಲಿ.

ಇದನ್ನೆಲ್ಲ ನಾನು ಮಾಡಿ ನೋಡಿದೆ. 27 ಮೀಟಿಂಗ್ 15ಕ್ಕೆ ಇಳೀತು. ಬುಧವಾರ ರಾತ್ರಿ ಒಂಬತ್ತೂವರೆಗೆ ಕ್ಲೈಂಟ್ ಜೊತೆ ಇರುತ್ತಿದ್ದ ಕಾಲ್‌ಗೆ ಮೊದಲು 14 ಜನ ಬರ್ತಿದ್ರು, ಏಳಕ್ಕೆ ತಂದೆ. ಅಜೆಂಡಾ ಮಧ್ಯಾಹ್ನವೇ ಹೋಗ್ತಿತ್ತು. 40 ನಿಮಿಷಕ್ಕೆ ಮುಗೀತಿತ್ತು. ಮುಗಿದ ಒಂದು ಗಂಟೆಯೊಳಗೆ ಟಿಪ್ಪಣಿ. ಕ್ಲೈಂಟ್ ಕಡೆಯವರು ಮೆಚ್ಚಿ ಒಂದು ಮೇಲ್ ಕೂಡ ಹಾಕಿದ್ರು. ಅದನ್ನು ನಾನು ಅಪ್ರೈಸಲ್‌ಗೆ ಎತ್ತಿಟ್ಕೊಂಡೆ.

ಆ 40 ನಿಮಿಷದ, ಏಳು ಜನರ, ಅಚ್ಚುಕಟ್ಟಾದ ಮೀಟಿಂಗ್‌ಗಳಲ್ಲಿ ಒಂದರಲ್ಲೇ ನಾವು ಎಡವಿದ್ದು.

ಪ್ರಾಜೆಕ್ಟ್ ಇದ್ದದ್ದು ಸಂಬಳದ ಸಿಸ್ಟಮ್ಮು. ಕ್ಲೈಂಟ್‌ನ ಗೋದಾಮುಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಕೂಲಿ ಲೆಕ್ಕ ಹಾಕುವ ಹಳೇ ತಂತ್ರಾಂಶ ತೆಗೆದು ಹೊಸದು ಹಾಕ್ಬೇಕಿತ್ತು. ತಿಂಗಳ ಲೆಕ್ಕ ಓಡಿಸೋಕೆ ರಾತ್ರಿ ನಮಗೆ ಸಿಗೋದು 8 ಗಂಟೆ. ಟೀಮಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿದ್ದ ಹುಡುಗಿ, ಒಂದು ದಿನ ನನಗೆ ಮೇಲ್ ಹಾಕಿದಳು. ಡೇಟಾದ ನೂರಕ್ಕೆ 5 ಭಾಗ ಹಾಕಿ ಓಡಿಸಿದಾಗ 10 ನಿಮಿಷ ಹಿಡೀತು. 10 ಭಾಗ ಹಾಕಿದಾಗ 20 ನಿಮಿಷ ಅಲ್ಲ, 40 ನಿಮಿಷ ಹಿಡೀತು. ಡೇಟಾ ಎರಡುಪಟ್ಟು, ಸಮಯ ನಾಲ್ಕುಪಟ್ಟು. ಯಾಕಂದ್ರೆ ಒಳಗೆಲ್ಲೋ ಪ್ರತಿಯೊಂದು ದಾಖಲೆಯನ್ನೂ ಉಳಿದ ಎಲ್ಲ ದಾಖಲೆ ಜೊತೆ ಹೋಲಿಸಿ ನೋಡೋ ಹೆಜ್ಜೆ ಇದೆ. ಪೂರ್ತಿ ಡೇಟಾ ಹಾಕಿದ್ರೆ 4000 ನಿಮಿಷ. ಅಂದ್ರೆ 66 ಗಂಟೆ ದಾಟುತ್ತೆ. 8 ಗಂಟೆಯಲ್ಲಿ ಇದು ಮುಗಿಯೋದಿಲ್ಲ. ಹೀಗೆ, ನೇರವಾಗಿ, ಎರಡು ಅಂಕಿ ಇಟ್ಟು ಬರೆದಿದ್ದಳು.

ನಾನು ಏನ್ ಮಾಡಿದೆ? ಸ್ಲೈಡ್‌ನಲ್ಲಿ 'ವೇಗಕ್ಕೆ ಸಂಬಂಧಿಸಿದ ಒಂದು ರಿಸ್ಕ್ ಗಮನದಲ್ಲಿದೆ' ಅಂತ ಬರೆದು ಹಳದಿ ಬಣ್ಣ ಹಾಕಿದೆ. ನನ್ನ ಮೇಲಿನವರು ನೋಡಿ, 'ಗೋ ಲೈವ್‌ಗೆ ಎರಡು ವಾರ ಇರೋವಾಗ ಹಳದಿ ಯಾಕೆ, ಸುಮ್ನೆ ಪ್ರಶ್ನೆ ಬರುತ್ತೆ' ಅಂದ್ರು. 'ಸಣ್ಣಪುಟ್ಟ ವೇಗದ ಸುಧಾರಣೆ ನಡೀತಿದೆ' ಅಂತಾಯ್ತು. ಬಣ್ಣ ಹಸಿರಾಯ್ತು. ಬುಧವಾರ ರಾತ್ರಿ ಕ್ಲೈಂಟ್ ಆ ಸ್ಲೈಡ್ ನೋಡಿ 'ಗುಡ್' ಅಂದ್ರು, ಮುಂದಿನ ಸ್ಲೈಡ್‌ಗೆ ಹೋದ್ವಿ. ಆ ಹುಡುಗಿ ಕಾಲ್‌ನಲ್ಲಿ ಇರಲಿಲ್ಲ. ಏಳು ಜನಕ್ಕೆ ಇಳಿಸುವಾಗ ನಾನೇ ತೆಗೆದಿದ್ದೆ.

ಮುಂದಾಗಿದ್ದು ನೀವು ಊಹಿಸಬಹುದು. ಸಾವಿರಾರು ಜನಕ್ಕೆ ಕೂಲಿ ಎರಡು ದಿನ ತಡವಾಯ್ತು. ಯಾವುದೋ ದೇಶ, ಯಾವುದೋ ಗೋದಾಮು, ಒಬ್ಬರ ಮುಖವೂ ನಾನು ನೋಡಿಲ್ಲ. ಆದರೆ ದುಡ್ಡು ಬರಬೇಕಾದ ದಿನ ಬರದಿದ್ರೆ ಮನೆ ಒಳಗೆ ಏನಾಗುತ್ತೆ ಅಂತ, ಡೇರಿ ಬಟವಾಡೆಗೆ ಕಾಯ್ತಾ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲಿನ ತುರ್ತು ಕಾಲ್‌ನಲ್ಲಿ ಕ್ಲೈಂಟ್ ಕಡೆಯ ಮುಖ್ಯಸ್ಥೆ ಕೂಗಾಡಲಿಲ್ಲ. ಒಂದೇ ಕೇಳಿದ್ರು: 'ಎರಡು ವಾರ ಮೊದಲು ಹೇಳಿದ್ರೆ ಇನ್ನೊಂದು ತಿಂಗಳು ಹಳೇ ಸಿಸ್ಟಮ್‌ನಲ್ಲೇ ಓಡಿಸ್ತಿದ್ವಲ್ಲ. ನನಗ್ಯಾಕೆ ಹೇಳಲಿಲ್ಲ?' ನಾವು ಯಾವುದನ್ನ ದೊಡ್ಡ ರಾದ್ಧಾಂತ ಆಗುತ್ತೆ ಅಂತ ಮುಚ್ಚಿಟ್ಟಿದ್ವೋ ಅದು ಅವರ ಮಟ್ಟದಲ್ಲಿ ಒಂದು ಮೇಲ್‌ನಲ್ಲಿ ಮುಗಿಯುವ ವಿಷಯ ಆಗಿತ್ತು.

ಈ ಘಟನೆ ಆದ ಮೇಲೆ ಗ್ರೋವ್ ಪುಸ್ತಕವನ್ನ ಎರಡನೇ ಸಲ ತೆಗೆದೆ. ನಾನು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ. ಅವರು ಹೇಳಿದ ಹಾಗೆ ಎಲ್ಲ ಮಾಡಿಯೂ ಆ ಮೀಟಿಂಗ್ ಯಾಕೆ ಸೋತಿತು?

ನ್ಯಾಯವಾಗಿ ಹೇಳಬೇಕು ಅಂದ್ರೆ ಗ್ರೋವ್‌ಗೆ ಈ ಸಮಸ್ಯೆ ಗೊತ್ತಿಲ್ಲ ಅಂತೇನಿಲ್ಲ. ಹುದ್ದೆಯಿಂದ ಬರುವ ಬಲ ಬೇರೆ, ತಿಳಿವಳಿಕೆಯಿಂದ ಬರುವ ಬಲ ಬೇರೆ ಅಂತ ಅವರೇ ಬರೀತಾರೆ. ನಮ್ಮಂಥ ಕೆಲಸದಲ್ಲಿ ವಿಷಯ ಗೊತ್ತಿರೋರು ಕೆಳಗಿರ್ತಾರೆ, ಅಧಿಕಾರ ಇರೋರು ಮೇಲಿರ್ತಾರೆ, ಇಬ್ಬರನ್ನೂ ಒಂದೇ ಮೇಜಿಗೆ ತರೋದೇ ಒಳ್ಳೇ ತೀರ್ಮಾನದ ಗುಟ್ಟು ಅಂತಾರೆ. ದಡ್ಡರ ಹಾಗೆ ಕಾಣ್ತೀವೇನೋ ಅನ್ನೋ ಭಯಕ್ಕೆ, ನಮ್ಮ ಮಾತು ಬಿದ್ದುಹೋದೀತು ಅನ್ನೋ ಭಯಕ್ಕೆ ಜನ ಬಾಯಿ ಮುಚ್ಚಿಕೊಳ್ತಾರೆ ಅನ್ನೋದನ್ನೂ ಬರೀತಾರೆ. ಇಷ್ಟೇ ಅಲ್ಲ, ಯಾವುದೇ ತೀರ್ಮಾನಕ್ಕೆ ಮೊದಲು ಕೇಳಬೇಕಾದ ಆರು ಪ್ರಶ್ನೆ ಕೊಡ್ತಾರೆ: ಏನು ತೀರ್ಮಾನ ಆಗಬೇಕು, ಯಾವಾಗ ಆಗಬೇಕು, ಯಾರು ಮಾಡ್ತಾರೆ, ಮೊದಲು ಯಾರನ್ನ ಕೇಳಬೇಕು, ಯಾರು ಒಪ್ಪಬೇಕು ಅಥವಾ ತಡೆಯಬಹುದು, ಆಮೇಲೆ ಯಾರಿಗೆ ತಿಳಿಸಬೇಕು.

ನನ್ನ ತಕರಾರು ಇರೋದು ಇಲ್ಲಿ. ಈ ಆರೂ ಪ್ರಶ್ನೆಯನ್ನ ಕೇಳುವವನು ಯಾರು? ಪುಸ್ತಕದ ತುಂಬ ಉತ್ತರ ಒಂದೇ: ಮ್ಯಾನೇಜರ್. ಮೇಲಿನವನು ತಿಳಿದವನಾಗಿದ್ದರೆ ಕೆಳಗಿನವರಿಂದ ಸತ್ಯ ಹೊರತೆಗೀತಾನೆ. ಆದರೆ ಮೇಲಿನವನಿಗೇ ಆ ಸತ್ಯ ಬೇಡವಾಗಿದ್ರೆ? ಆಗ ಕೆಳಗಿನವಳು ಏನು ಮಾಡಬೇಕು? ಇದಕ್ಕೆ ಪುಸ್ತಕದಲ್ಲಿ ದಾರಿ ಇಲ್ಲ. ಎರಡನೇದಾಗಿ, ಗ್ರೋವ್ ಬರೆಯೋದು ಒಂದೇ ಕಂಪನಿಯ ಒಳಗೆ ನಿಂತು. ಇಂಟೆಲ್‌ನಲ್ಲಿ ಇಂಜಿನಿಯರ್ ಮತ್ತು ಮ್ಯಾನೇಜರ್ ಇಬ್ಬರೂ ಒಂದೇ ಮನೆಯವರು. ಬೆಂಗಳೂರಿನ ಸರ್ವೀಸ್ ಕಂಪನಿಯಲ್ಲಿ ತೀರ್ಮಾನ ಮಾಡೋರು ಒಂದು ಕಂಪನಿ, ವಿಷಯ ಗೊತ್ತಿರೋರು ಇನ್ನೊಂದು ಕಂಪನಿ, ನಡುವೆ ಒಂದು ಕಾಂಟ್ರ್ಯಾಕ್ಟ್. ಆ ಗೆರೆ ದಾಟುವಾಗ ಸುದ್ದಿ ಬಣ್ಣ ಬದಲಾಯಿಸುತ್ತೆ. ನಮ್ಮಲ್ಲಿ ಅಕ್ಷರಶಃ ಬದಲಾಯಿಸಿತು, ಹಳದಿಯಿಂದ ಹಸಿರಿಗೆ.

ಈ ಗೆರೆ ದಾಟುವಾಗ ಏನಾಗುತ್ತೆ ಅನ್ನೋದಕ್ಕೆ ದಾಖಲೆ ಸಮೇತ ಸಿಗುವ ಒಂದು ಮೀಟಿಂಗ್ ಇದೆ. ಗ್ರೋವ್ ಪುಸ್ತಕ ಬಂದ ಮೂರು ವರ್ಷಕ್ಕೆ ನಡೆದದ್ದು. ಸಂಬಳ ಎರಡು ದಿನ ತಡವಾದದ್ದನ್ನೂ ಏಳು ಜನ ಸತ್ತದ್ದನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಮೀಟಿಂಗ್ ನಡೆದ ರೀತಿಯನ್ನಷ್ಟೇ ನೋಡಿ.

1986ರ ಜನವರಿ 27ರ ರಾತ್ರಿ. ಮಾರನೇ ದಿನ ಬೆಳಗ್ಗೆ ಫ್ಲಾರಿಡಾದಿಂದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ರಾತ್ರಿ ಕೊರೆಯುವ ಚಳಿ ಬರುತ್ತೆ ಅಂತ ಹವಾಮಾನದವರು ಹೇಳಿದ್ದಾರೆ. ನೌಕೆಯ ಪಕ್ಕದ ಬೂಸ್ಟರ್ ರಾಕೆಟ್‌ಗಳನ್ನ ಮಾಡಿಕೊಟ್ಟಿದ್ದು ಮಾರ್ಟನ್ ಥಯೋಕಾಲ್ ಅನ್ನೋ ಕಂಪನಿ, ಅಂದ್ರೆ ವೆಂಡರ್. ಕ್ಲೈಂಟ್ ನಾಸಾ. ರಾಕೆಟ್‌ನ ಜೋಡಣೆಗಳಲ್ಲಿ ಬೆಂಕಿ ಹೊರಬರದಂತೆ ತಡೆಯುವ ರಬ್ಬರ್ ಬಳೆಗಳಿರ್ತವೆ, ಓ ರಿಂಗ್ ಅಂತಾರೆ. ಚಳಿಗೆ ಅವು ಗಡುಸಾಗಿ, ಬೇಗ ಹಿಗ್ಗಿ ಸಂದಿ ಮುಚ್ಚೋದಿಲ್ಲ ಅನ್ನೋದು ಥಯೋಕಾಲ್ ಇಂಜಿನಿಯರ್‌ಗಳ ಆತಂಕ.

ಇದು ಆ ರಾತ್ರಿ ಹುಟ್ಟಿದ ಆತಂಕ ಅಲ್ಲ. ರಾಜರ್ ಬೋಜಲಿ ಅನ್ನೋ ಇಂಜಿನಿಯರ್ 1985ರ ಜುಲೈ 31ರಂದೇ ತನ್ನ ಮೇಲಿನವರಿಗೆ ಮೆಮೊ ಬರೆದು, ಇದನ್ನ ಸರಿಮಾಡದಿದ್ರೆ ಜೀವಹಾನಿ ಆಗುವ ದುರಂತ ನಡೆಯಬಹುದು ಅಂತ ಎಚ್ಚರಿಸಿದ್ದ. ಅಕ್ಟೋಬರ್‌ನಲ್ಲಿ ಬಾಬ್ ಎಬಲಿಂಗ್ ಅನ್ನೋ ಇನ್ನೊಬ್ಬ ಇಂಜಿನಿಯರ್ ತನ್ನ ಮೆಮೊವನ್ನ 'ಹೆಲ್ಪ್' ಅನ್ನೋ ಪದದಿಂದಲೇ ಶುರು ಮಾಡಿದ್ದ. ಎರಡೂ ಮೆಮೊ ಕಂಪನಿಯ ಒಳಗೇ ಇದ್ದವು.

ಆ ರಾತ್ರಿ ಮೂರು ಜಾಗದಿಂದ ಫೋನ್ ಮೀಟಿಂಗ್. ಯೂಟಾದಲ್ಲಿ ಥಯೋಕಾಲ್, ಅಲಬಾಮಾದಲ್ಲಿ ನಾಸಾದ ಮಾರ್ಷಲ್ ಕೇಂದ್ರ, ಫ್ಲಾರಿಡಾದಲ್ಲಿ ಕೆನಡಿ ಕೇಂದ್ರ. ಒಟ್ಟು 34 ಜನ. ಥಯೋಕಾಲ್ ಸ್ಲೈಡ್ ಕಳಿಸಿ ಖಚಿತವಾಗಿ ಹೇಳಿತು: 53 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 12 ಸೆಲ್ಸಿಯಸ್‌ಗಿಂತ ತಣ್ಣಗಿದ್ರೆ ಹಾರಿಸಬೇಡಿ. ನಾಸಾದ ಒಬ್ಬ ಅಧಿಕಾರಿ ಈ ಶಿಫಾರಸು ಕೇಳಿ ದಿಗ್ಭ್ರಮೆಯಾಯ್ತು ಅಂದ್ರು. ಇನ್ನೊಬ್ಬರು, ಹಾಗಾದ್ರೆ ಏಪ್ರಿಲ್‌ವರೆಗೆ ಕಾಯಬೇಕಾ ಅನ್ನೋ ಅರ್ಥದಲ್ಲಿ ಕೇಳಿದ್ರು.

ಆಗ ಥಯೋಕಾಲ್‌ನವರು ಐದು ನಿಮಿಷ ನಾವು ನಾವೇ ಮಾತಾಡ್ಕೋತೀವಿ ಅಂತ ಲೈನ್ ಮ್ಯೂಟ್ ಮಾಡಿದ್ರು. ಐದು ನಿಮಿಷ ಅರ್ಧ ಗಂಟೆಯಾಯ್ತು. ಬೋಜಲಿ ಮತ್ತು ಆತನ ಸಹೋದ್ಯೋಗಿ ಆರ್ನಿ ಥಾಂಪ್ಸನ್ ಫೋಟೋ, ಅಂಕಿ ಎಲ್ಲ ಮುಂದಿಟ್ಟು ವಾದ ಮಾಡಿದ್ರು. ಆಮೇಲೆ ಹಿರಿಯ ಅಧಿಕಾರಿ, ಇನ್ನು ಇದು ಮ್ಯಾನೇಜ್‌ಮೆಂಟ್ ತೀರ್ಮಾನ ಅಂದು, ಇಂಜಿನಿಯರಿಂಗ್ ಮುಖ್ಯಸ್ಥನಿಗೆ ಇಂಜಿನಿಯರ್ ಟೊಪ್ಪಿಗೆ ತೆಗೆದು ಮ್ಯಾನೇಜರ್ ಟೊಪ್ಪಿಗೆ ಹಾಕ್ಕೊಳ್ಳೋಕೆ ಹೇಳಿದ್ರು. ನಾಲ್ಕು ಜನ ಮ್ಯಾನೇಜರ್‌ಗಳು ಒಪ್ಪಿದ್ರು. ಇಂಜಿನಿಯರ್‌ಗಳ ಮತ ಕೇಳಲಿಲ್ಲ. ಲೈನ್‌ಗೆ ವಾಪಸ್ ಬಂದು, ಹಾರಿಸಬಹುದು ಅಂತ ಓದಿದ್ರು.

ಮುಂದಿನ ಕ್ಷಣವೇ ನನಗೆ ಎಲ್ಲಕ್ಕಿಂತ ಚುಚ್ಚೋದು. ನಾಸಾ ಕಡೆಯಿಂದ ಎಲ್ಲರನ್ನೂ ಕೇಳಿದ್ರು, ಯಾರಿಗಾದ್ರೂ ಭಿನ್ನಾಭಿಪ್ರಾಯ ಇದೆಯಾ ಅಂತ. ಯಾರೂ ಮಾತಾಡಲಿಲ್ಲ. ಮೀಟಿಂಗ್ ನಿಯಮದ ಪ್ರಕಾರ ಅಲ್ಲಿಗೆ ಒಮ್ಮತ. ನಾವು ಪ್ರತಿ ಕಾಲ್ ಕೊನೆಯಲ್ಲಿ 'ಎನಿಥಿಂಗ್ ಎಲ್ಸ್?' ಅಂತ ಕೇಳಿ, ಎರಡು ಸೆಕೆಂಡ್ ಮೌನ ಕೇಳಿಸಿಕೊಂಡು, 'ಓಕೆ, ಥ್ಯಾಂಕ್ಯೂ' ಅಂತೀವಲ್ಲ, ಅದೇ ಮೌನ.

ಕೆನಡಿ ಕೇಂದ್ರದಲ್ಲಿದ್ದ ಥಯೋಕಾಲ್‌ನ ಅಲನ್ ಮ್ಯಾಕ್‌ಡೊನಾಲ್ಡ್ ಮಾತ್ರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲ್ಲ ಅಂದ. ಸಹಿ ಯೂಟಾದಿಂದ ಫ್ಯಾಕ್ಸ್‌ನಲ್ಲಿ ಬಂತು. ಬೆಳಗ್ಗೆ 11:38ಕ್ಕೆ ಚಾಲೆಂಜರ್ ಹಾರಿತು. 73 ಸೆಕೆಂಡ್‌ಗೆ ಆಕಾಶದಲ್ಲೇ ಒಡೆದುಹೋಯ್ತು. ಏಳು ಜನ ಸತ್ತರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ.

ತನಿಖೆ ಮಾಡಿದ ರಾಜರ್ಸ್ ಆಯೋಗದ ವರದಿ 1986ರ ಜೂನ್‌ನಲ್ಲಿ ಬಂತು. ಓ ರಿಂಗ್ ವೈಫಲ್ಯದ ಜೊತೆಗೆ ಅದು ತೀರ್ಮಾನ ಮಾಡಿದ ರೀತಿಯನ್ನೂ ಕಾರಣ ಅಂತ ಹೆಸರಿಸಿತು. ಅದರಲ್ಲಿ ಎರಡು ಮಾತು ನಮ್ಮ ಉದ್ಯಮದ ಬಗ್ಗೆಯೇ ಬರೆದ ಹಾಗಿದೆ. ಒಂದು, ಥಯೋಕಾಲ್ ಆಡಳಿತ ತನ್ನ ಇಂಜಿನಿಯರ್‌ಗಳ ಅಭಿಪ್ರಾಯಕ್ಕೆ ವಿರುದ್ಧವಾಗಿ ತೀರ್ಮಾನ ತಿರುಗಿಸಿದ್ದು ಒಬ್ಬ ದೊಡ್ಡ ಗ್ರಾಹಕನಿಗೆ ಅನುಕೂಲ ಮಾಡಿಕೊಡೋಕೆ. ಎರಡು, ಮಾರ್ಷಲ್ ಕೇಂದ್ರದವರಿಗೆ ಗಂಭೀರ ಸಮಸ್ಯೆಗಳನ್ನ ಮೇಲಕ್ಕೆ ತಿಳಿಸದೆ ತಮ್ಮೊಳಗೇ ಅಡಗಿಸಿ ಬಗೆಹರಿಸಿಕೊಳ್ಳುವ ಪ್ರವೃತ್ತಿ ಇತ್ತು. ಉಡಾವಣೆಗೆ ಅಂತಿಮ ಒಪ್ಪಿಗೆ ಕೊಡುವ ನಾಸಾ ಹಿರಿಯರಿಗೆ ಹಿಂದಿನ ರಾತ್ರಿ ಇಂಥದ್ದೊಂದು ಜಗಳ ನಡೆದಿದೆ ಅನ್ನೋದೇ ಗೊತ್ತಿರಲಿಲ್ಲ.

ನಿಲ್ಲಿಸುವ ಅಧಿಕಾರ ಇದ್ದವರಿಗೆ ಸುದ್ದಿ ಇಲ್ಲ, ಸುದ್ದಿ ಇದ್ದವರಿಗೆ ಅಧಿಕಾರ ಇಲ್ಲ.

ಈಗ ಗ್ರೋವ್‌ನ ಆರು ಪ್ರಶ್ನೆ ಇಟ್ಟು ಈ ಮೀಟಿಂಗನ್ನ ಅಳೆಯಿರಿ. ಏನು ತೀರ್ಮಾನ ಅನ್ನೋದು ಸ್ಪಷ್ಟ ಇತ್ತು. ಯಾವಾಗ ಅನ್ನೋದೂ ಇತ್ತು. ವಿಷಯ ಗೊತ್ತಿದ್ದವರನ್ನ ಕೇಳಿಯೂ ಆಗಿತ್ತು. ಸ್ಲೈಡ್ ಇದ್ದವು, ಟಿಪ್ಪಣಿ ಇತ್ತು, ಸಹಿ ಇತ್ತು. ಬಿದ್ದದ್ದು ಐದನೇ ಮತ್ತು ಆರನೇ ಪ್ರಶ್ನೆಯಲ್ಲಿ: ಯಾರು ತಡೆಯಬಹುದು, ಯಾರಿಗೆ ತಿಳಿಸಬೇಕು. ಹಾಗಾಗಿ ಗ್ರೋವ್‌ನ ಪಟ್ಟಿ ತಪ್ಪಲ್ಲ. ಅದು ಇರುವ ಕೈ ತಪ್ಪು. ಆ ಎರಡು ಪ್ರಶ್ನೆ ಮೀಟಿಂಗ್ ನಡೆಸುವವರ ಕೈಯಲ್ಲಿದ್ರೆ ಸಾಲದು. ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಕೆಳಗಿರುವವಳ ಕೈಯಲ್ಲಿರಬೇಕು. ನನಗೆ ಪುಸ್ತಕದ ಮೇಲಿರುವ ದೂರು ಇಷ್ಟೇ, ಆದರೆ ಇದು ಸಣ್ಣ ದೂರಲ್ಲ.

ಇಲ್ಲಿಗೆ ಎಸ್ಕಲೇಶನ್ ಅನ್ನೋ ಪದಕ್ಕೆ ಬರ್ತೀನಿ. ನಮ್ಮ ಆಫೀಸುಗಳಲ್ಲಿ ಈ ಪದದ ಅರ್ಥವೇ ಕೆಟ್ಟುಹೋಗಿದೆ. 'ನನ್ನ ಮೇಲೆ ಎಸ್ಕಲೇಟ್ ಮಾಡಿದ್ಲು' ಅಂತೀವಿ, ಚಾಡಿ ಹೇಳಿದ್ಲು ಅನ್ನೋ ಧಾಟಿಯಲ್ಲಿ. ಕ್ಲೈಂಟ್ ಎಸ್ಕಲೇಟ್ ಮಾಡಿದ್ರೆ ಅಪ್ರೈಸಲ್‌ನಲ್ಲಿ ಒಂದು ಕಪ್ಪು ಚುಕ್ಕೆ. ಕೆರೆ ಇರುವ ಊರುಗಳಲ್ಲಿ ನೀರುಗಂಟಿ ಅಂತ ಇರ್ತಿದ್ದ. ತೂಬು, ಕಾಲುವೆ ನೋಡಿಕೊಳ್ಳೋನು. ಮಳೆಗಾಲದ ರಾತ್ರಿ ಏರಿಯಲ್ಲಿ ನೀರು ಜಿನುಗೋದು ಕಂಡ್ರೆ ಓಡಿಬಂದು ಊರಿನ ಹಿರಿಯರ ಬಾಗಿಲು ಬಡೀತಿದ್ದ. ಅದನ್ನ ಯಾರೂ ಚಾಡಿ ಅಂದಿಲ್ಲ. ನಿದ್ದೆ ಕೆಡಿಸಿದ ಅಂತ ಬೈದಿರಬಹುದು, ಆದರೆ ಹೇಳದೇ ಇದ್ದಿದ್ರೆ ಅವನಿಗೆ ಆ ಕೆಲಸವೇ ಇರ್ತಿರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಂದ್ರೆ ನಮ್ಮದೇ ರಾಜ್ಯದ ಸಕಾಲ ಕಾಯ್ದೆ ನೋಡಿ. 2011ರ ಕಾನೂನು, ರಾಜ್ಯದಾದ್ಯಂತ ಜಾರಿಗೆ ಬಂದಿದ್ದು 2012ರ ಏಪ್ರಿಲ್‌ನಲ್ಲಿ. ಜಾತಿ ಪ್ರಮಾಣಪತ್ರವೋ ಇನ್ನೊಂದೋ, ಅರ್ಜಿ ಕೊಟ್ಟ ಕೂಡಲೇ ಒಂದು ನಂಬರ್ ಸಿಗುತ್ತೆ. ಎಷ್ಟು ದಿನದಲ್ಲಿ ಕೆಲಸ ಆಗಬೇಕು ಅಂತ ಮೊದಲೇ ನಿಗದಿ. ಆಗದಿದ್ರೆ ಯಾರಿಗೆ ಮೇಲ್ಮನವಿ ಹಾಕಬೇಕು, ಅಲ್ಲೂ ಆಗದಿದ್ರೆ ಇನ್ನೂ ಮೇಲೆ ಯಾರು, ಅದೂ ನಿಗದಿ. ತಡವಾದ್ರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ನೆಲದ ಮೇಲೆ ಎಲ್ಲ ಕಡೆ ಹೀಗೇ ಸರಾಗ ನಡೆಯುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ಆ ಕಾಯ್ದೆ ಬರೆದವರಿಗೆ ಒಂದು ವಿಷಯ ಅರ್ಥವಾಗಿತ್ತು: ಮೇಲೆ ಹೋಗುವ ದಾರಿಯನ್ನ ಜಗಳ ಶುರುವಾಗೋ ಮೊದಲೇ ಬರೆದಿಡಬೇಕು. ಆಗ ಮೇಲ್ಮನವಿ ಹಾಕೋದು ಒಬ್ಬ ಗುಮಾಸ್ತನ ವಿರುದ್ಧ ಹೂಡಿದ ಯುದ್ಧ ಆಗೋದಿಲ್ಲ. ದಿನ ಮೀರಿತು, ಮುಂದಿನ ಮೆಟ್ಟಿಲು ಹತ್ತಿದ, ಅಷ್ಟೇ.

ನಮ್ಮ ಪ್ರಾಜೆಕ್ಟ್‌ಗಳಲ್ಲೂ ಎಸ್ಕಲೇಶನ್ ಮ್ಯಾಟ್ರಿಕ್ಸ್ ಅನ್ನೋ ಎಕ್ಸೆಲ್ ಹಾಳೆ ಇರುತ್ತಲ್ಲ ಅಂತೀರಿ. ಇರುತ್ತೆ. ಸರ್ವರ್ ಬಿದ್ರೆ 15 ನಿಮಿಷಕ್ಕೆ ಯಾರಿಗೆ ಫೋನ್, ಒಂದು ಗಂಟೆಗೆ ಯಾರಿಗೆ ಅಂತ ಎಲ್ಲ ಬರೆದಿರ್ತೀವಿ. ಅದು ಕೆಟ್ಟುಹೋದ ಯಂತ್ರಕ್ಕೆ. ಒಬ್ಬ ಮನುಷ್ಯನಿಗೆ 'ಇದು ಕೆಡುತ್ತೆ' ಅಂತ ಅನುಮಾನ ಬಂದ್ರೆ ಅವನು ಎಲ್ಲಿಗೆ ಹೋಗಬೇಕು ಅನ್ನೋದು ಅದರಲ್ಲಿ ಇರಲ್ಲ. ನಾನು ನೋಡಿದ ಯಾವ ಹಾಳೆಯಲ್ಲೂ ಇರಲಿಲ್ಲ.

ಆ ಸಂಬಳದ ಘಟನೆ ಆದ ಮೇಲೆ ನಮ್ಮ ಟೀಮಿನಲ್ಲಿ ಮೂರು ಬದಲಾವಣೆ ಮಾಡಿದ್ವಿ. ದೊಡ್ಡ ಸಿದ್ಧಾಂತ ಏನಲ್ಲ, ಆದರೆ ಗ್ರೋವ್ ಬಿಟ್ಟ ಜಾಗಕ್ಕೆ ಹಾಕಿದ ತೇಪೆ ಅನ್ನಬಹುದು.

ಒಂದು, ಕೆಟ್ಟ ಸುದ್ದಿಯನ್ನ ಕಂಡವರ ಮಾತಲ್ಲೇ ಬರೀಬೇಕು. ವಾರದ ವರದಿಯಲ್ಲಿ ಒಂದು ಕಾಲಂ ಇದೆ. ಅದರಲ್ಲಿ ಬರೆದದ್ದನ್ನ ನಾನೂ ತಿದ್ದುವಂತಿಲ್ಲ, ನನ್ನ ಮೇಲಿನವರೂ ತಿದ್ದುವಂತಿಲ್ಲ. ಪಕ್ಕದ ಕಾಲಂನಲ್ಲಿ ನಮ್ಮ ಅಭಿಪ್ರಾಯ ಬರೆಯಬಹುದು. '66 ಗಂಟೆ ಹಿಡಿಯುತ್ತೆ' ಅನ್ನೋದು ಕ್ಲೈಂಟ್ ಕಣ್ಣಿಗೆ '66 ಗಂಟೆ' ಆಗಿಯೇ ಬೀಳಬೇಕು. ಇದಕ್ಕೆ ನನ್ನ ಮೇಲಿನವರನ್ನ ಒಪ್ಪಿಸೋಕೆ ಎರಡು ತಿಂಗಳು ಹಿಡೀತು. ಒಪ್ಪಿದ್ದು ನನ್ನ ವಾದಕ್ಕಲ್ಲ, ಕ್ಲೈಂಟ್ ಮುಖ್ಯಸ್ಥೆಯೇ ಕೇಳಿದ್ದಕ್ಕೆ.

ಎರಡು, 'ಎನಿಥಿಂಗ್ ಎಲ್ಸ್?' ನಿಲ್ಲಿಸಿದೆ. ಮೌನ ಒಪ್ಪಿಗೆ ಅಲ್ಲ. ತೀರ್ಮಾನ ಆಗುವಾಗ ಆ ವಿಷಯದಲ್ಲಿ ಕೈಯಾಡಿಸಿದವರನ್ನ ಹೆಸರು ಹಿಡಿದು ಕೇಳ್ತೀನಿ. ಎಲ್ಲರಿಗಿಂತ ಕಿರಿಯರಿಂದ ಶುರು, ಹಿರಿಯರು ಕೊನೆಗೆ. ಹಿರಿಯರು ಮೊದಲು ಮಾತಾಡಿದ್ರೆ ಆಮೇಲೆ ಬರೋದು ಬರೀ ತಲೆದೂಗಾಟ. ಯಾರಾದ್ರೂ ಒಪ್ಪದಿದ್ರೆ ಟಿಪ್ಪಣಿಯಲ್ಲಿ ಅದೂ ದಾಖಲಾಗುತ್ತೆ. ಒಪ್ಪದವರು ಆಮೇಲೆ ತೀರ್ಮಾನಕ್ಕೆ ಕೈಜೋಡಿಸಲಿ, ಗ್ರೋವ್ ಹೇಳೋದೂ ಅದನ್ನೇ. ಆದರೆ ಕೈಜೋಡಿಸಿದ್ರು ಅನ್ನೋ ಕಾರಣಕ್ಕೆ ಒಪ್ಪಿರಲಿಲ್ಲ ಅನ್ನೋದು ಅಳಿಸಿಹೋಗಬಾರದು.

ಮೂರು, ಪ್ರಾಜೆಕ್ಟ್ ಶುರುವಿನಲ್ಲೇ ದಾರಿ ಬರೆದಿಟ್ಟಿದ್ದೀವಿ. ಯಾರಿಗೇ ಆಗಲಿ ಗಂಭೀರ ಅನುಮಾನ ಬಂದು ಲೀಡ್‌ಗೆ ಹೇಳಿದ ಮೇಲೆ ಎರಡು ಕೆಲಸದ ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ರೆ, ನೇರ ಮುಂದಿನ ಹೆಸರಿಗೆ ಹೋಗಬಹುದು. ಷರತ್ತು ಒಂದೇ. ಮೇಲೆ ಹೋಗ್ತಿದ್ದೀನಿ ಅಂತ ಲೀಡ್‌ಗೆ ಮೊದಲೇ ಹೇಳಿ ಹೋಗಬೇಕು. ಬೆನ್ನ ಹಿಂದೆ ಅಲ್ಲ, ತಲೆ ಮೇಲಿಂದ, ಹೇಳಿಯೇ. ಆ ಹಾಳೆಯ ಕೊನೆಯ ಹೆಸರು ಕ್ಲೈಂಟ್ ಕಡೆಯವರದು. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಜಗಳ ಆಗಿದ್ದು.

ಇದರಿಂದ ಎಲ್ಲ ಸರಿಹೋಯ್ತಾ? ಇಲ್ಲ. ಈ ಪದ್ಧತಿ ಬಂದ ಮೊದಲ ತಿಂಗಳಲ್ಲಿ ಎಂಟು 'ಗಂಭೀರ ಅನುಮಾನ' ಬಂದ್ವು, ಅದರಲ್ಲಿ ಆರು ಏನೂ ಅಲ್ಲದವು. ಮೇಲಿನವರ ಸಮಯ ಹಾಳಾಯ್ತು. ಗ್ರೋವ್ ಲೆಕ್ಕದಲ್ಲಿ ನೋಡಿದ್ರೆ ನಾನು ಕಂಪನಿಗೆ ಹಲವು ಕಾಪಿ ಮಷೀನ್‌ಗಳಷ್ಟು ನಷ್ಟ ಮಾಡಿದ್ದೀನಿ. ಆ ಆರನ್ನು ತಂದವರಿಗೆ ಬೈಯ್ಯದೇ ಇರೋದು ನನಗೆ ಕಷ್ಟವೇ ಆಯ್ತು. ಆದರೆ ಒಂದು ಸಲ ಬೈದ್ರೆ ಮುಂದಿನ ಸಲ ಆ ಎರಡೂ ಬರೋದಿಲ್ಲ ಅಂತ ಈಗ ಗೊತ್ತು.

ಗ್ರೋವ್ ಪುಸ್ತಕ ಓದಬೇಡಿ ಅಂತ ನಾನು ಹೇಳ್ತಿಲ್ಲ. ಮೀಟಿಂಗ್ ನಡೆಸುವ ಕುರ್ಚಿಯಲ್ಲಿ ಕೂತವರಿಗೆ ಅದಕ್ಕಿಂತ ಒಳ್ಳೇ ಪುಸ್ತಕ ನನಗೆ ಸಿಕ್ಕಿಲ್ಲ. ಓದಿ. ಅದರ ಜೊತೆಗೆ ರಾಜರ್ಸ್ ಆಯೋಗದ ವರದಿಯ ಐದನೇ ಅಧ್ಯಾಯವನ್ನೂ ಓದಿ. ಅದು ಆ ಕುರ್ಚಿ ಎದುರಿಗೆ ಕೂತವರ ಅಧ್ಯಾಯ.

ಆ ಹುಡುಗಿ ಆ ಘಟನೆ ಆದ ನಾಲ್ಕು ತಿಂಗಳಿಗೆ ಬೇರೆ ಕಂಪನಿಗೆ ಹೋದಳು. ಹೋಗುವಾಗ ನಾನು ಸಾರಿ ಕೇಳಿದೆ. 'ಪರವಾಗಿಲ್ಲ ಸರ್, ನಾನೂ ಇನ್ನೊಂದು ಸಲ ಕೇಳ್ಬೇಕಿತ್ತು' ಅಂದಳು. ಅವಳು ಯಾಕೆ ಇನ್ನೊಂದು ಸಲ ಕೇಳಬೇಕಿತ್ತು ಅನ್ನೋದು ಇವತ್ತಿಗೂ ನನ್ನನ್ನ ಕಾಡ್ತಿದೆ. ಒಂದು ಸಲ, ಸರಿಯಾಗಿ, ಲೆಕ್ಕ ಇಟ್ಟು ಹೇಳಿದ್ದಳು.

ಈಗಿನ ಟೀಮಿನಲ್ಲಿ ಹೋದ ಬುಧವಾರ ಆ ಕಾಲಂ ಖಾಲಿ ಇತ್ತು. 38ನೇ ನಿಮಿಷಕ್ಕೆ ಎಲ್ಲ ಮುಗಿದಿತ್ತು. ಅಭ್ಯಾಸದಂತೆ ಕಿರಿಯ ಹುಡುಗನ ಹೆಸರು ಹಿಡಿದು ಕೇಳಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅನ್‌ಮ್ಯೂಟ್ ಆಗಿ, 'ಒಂದು ವಿಷಯ ಇತ್ತು, ಮುಖ್ಯಾನೋ ಅಲ್ವೋ ಗೊತ್ತಿಲ್ಲ' ಅಂದ. ಹೇಳು ಅಂದೆ. ಅವತ್ತಿನ ಮೀಟಿಂಗ್ ಇಪ್ಪತ್ತು ನಿಮಿಷ ಲೇಟಾಗಿ ಮುಗೀತು.